ಏರಿಯ ಬುಡದಲ್ಲಿ ನೀರು ಕಂಡಾಗ: ನೆರೆ ತಡೆಯುವ ಮಣ್ಣಿನ ಕಟ್ಟೆಯ ದೋಷ ಪತ್ತೆ

ಮೊದಲು ತುರ್ತಿನ ಮಾತು. ಕಟ್ಟೆಯ ಹೊರಮೈಯಿಂದ ಬರುವ ನೀರು ಕದಡಿದ್ದು ಗಂಟೆಯಿಂದ ಗಂಟೆಗೆ ಹೆಚ್ಚುತ್ತಿದ್ದರೆ, ಅಥವಾ ಒಳಗೆ ನಿಂತ ನೀರಿನಲ್ಲಿ ಸುಳಿ ಕಂಡರೆ, ಇದನ್ನು ಓದುತ್ತಾ ಕೂರಬೇಡಿ. ಕೆಳಗಿನ ಮನೆಗಳವರನ್ನು, ತೋಟದ ಕೆಲಸಗಾರರ ಲೈನ್‌ಮನೆಯವರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳಿಸಿ. 112ಕ್ಕೋ, ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೋ ಕರೆ ಮಾಡಿ. ಮಣ್ಣು ಒಳಗಿಂದ ಕೊರೆಯಲು ಶುರುವಾದರೆ ಕಟ್ಟೆಗೆ ಉಳಿಯುವುದು ಕೆಲವೇ ಗಂಟೆ. 1976ರ ಜೂನ್ 5ರಂದು ಅಮೆರಿಕದ ಐಡಾಹೊ ರಾಜ್ಯದ ಟೀಟನ್ ಅಣೆಕಟ್ಟೆಯಲ್ಲಿ ಬೆಳಿಗ್ಗೆ ಕದಡಿದ ನೀರು ಕಂಡಿತು, ಮಧ್ಯಾಹ್ನ 12 ಹೊಡೆಯುವಷ್ಟರಲ್ಲಿ 300 ಅಡಿ ಎತ್ತರದ ಕಟ್ಟೆಯ ನೆತ್ತಿಯೇ ಕುಸಿದಿತ್ತು. ನಮ್ಮದು 20 ಅಡಿಯ ಕಟ್ಟೆ. ಅದಕ್ಕೆ ಅಷ್ಟು ಹೊತ್ತೂ ಬೇಕಿಲ್ಲ.

ಅಂಥ ಸ್ಥಿತಿ ಇಲ್ಲದಿದ್ದರೆ, ನೀರು ಕಂಡ ಕೂಡಲೇ ಗಾಬರಿಯಾಗಿ ಜೇಡಿಮಣ್ಣು ತಂದು ಮೆತ್ತುವುದೂ ಬೇಡ. ನಾವು ಮಾಡಹೊರಟಿದ್ದ ಮೊದಲ ತಪ್ಪು ಅದೇ.

ನಮ್ಮ ಕಟ್ಟೆ ಇರುವುದು ದಕ್ಷಿಣ ಕೊಡಗಿನಲ್ಲಿ, ಲಕ್ಷ್ಮಣತೀರ್ಥ ನದಿಗೆ ಸೇರುವ ಒಂದು ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ ಬಯಲು, ಬಯಲಿನ ಅಂಚಿನಲ್ಲಿ ಮನೆಗಳು. ನೀರು ಶೇಖರಿಸಲು ಕಟ್ಟಿದ ಕೆರೆಯಲ್ಲ ಇದು. ಕಟ್ಟೆಯ ತಳದಲ್ಲಿ 2 ಅಡಿ ವ್ಯಾಸದ ಹ್ಯೂಮ್ ಪೈಪ್ (ಕಾಂಕ್ರೀಟಿನ ಕೊಳವೆ) ಸದಾ ತೆರೆದಿರುತ್ತದೆ. ಸಾಧಾರಣ ದಿನ ತೋಡು ಅದರೊಳಗೆ ಹಾದು ತನ್ನಷ್ಟಕ್ಕೆ ಹೋಗುತ್ತದೆ. ಜಡಿಮಳೆ ಸುರಿದಾಗ ಪೈಪ್ ನುಂಗಲಾರದಷ್ಟು ನೀರು ಏರಿಯ ಹಿಂದೆ ನಿಂತು, ಮಳೆ ತಗ್ಗಿದ ಮೇಲೆ ಎರಡು ಮೂರು ದಿನದಲ್ಲಿ ಇಳಿದು ಹೋಗುತ್ತದೆ. ಅದನ್ನೂ ಮೀರಿದರೆ ಪಕ್ಕದ ಕೋಡಿ ಇದೆ. 100 ಎಕರೆ ಗುಡ್ಡದ ಮೇಲೆ 5 ಇಂಚು ಮಳೆ ಬಿದ್ದರೆ ಅದು 5 ಕೋಟಿ ಲೀಟರ್ ನೀರು. ಅಷ್ಟೂ ಒಂದೇ ರಾತ್ರಿಯಲ್ಲಿ ಗದ್ದೆಗೆ ನುಗ್ಗದಂತೆ ನೋಡಿಕೊಳ್ಳುವುದಷ್ಟೇ ಈ ಕಟ್ಟೆಯ ಕೆಲಸ. ಅಮೆರಿಕದ ಹಳ್ಳಿಗಾಡಿನಲ್ಲಿ 1944 ಮತ್ತು 1954ರ ಕಾಯ್ದೆಗಳಡಿ ಇದೇ ಬಗೆಯ 11,000ಕ್ಕೂ ಹೆಚ್ಚು ಸಣ್ಣ ಕಟ್ಟೆಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ಕಲಿತ ಪಾಠಗಳು ನಮ್ಮ ತೋಡಿಗೂ ಹೊಂದುತ್ತವೆ ಎಂಬುದನ್ನು ನಾನು ಕಂಡುಕೊಂಡದ್ದು ಹೋದ ವರ್ಷ.

ಜೂನ್ ಕೊನೆಯಲ್ಲಿ, ಆರಿದ್ರಾ ಮಳೆ ಹಿಡಿದ ನಾಲ್ಕನೇ ದಿನ, ಏರಿಯ ಎಡಬದಿಯ ಬುಡದಲ್ಲಿ ಒಂದು ಚಾಪೆಯಗಲ ಜೌಗು ಕಾಣಿಸಿತು. ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತಿತ್ತು. ಅಂಚಿನಿಂದ ಬೆರಳು ದಪ್ಪದ ನೀರು. ಮೇಲೆ ಎಣ್ಣೆ ತೇಲಿದಂತೆ ಮಿನುಗು, ಕೆಳಗೆ ಕಿತ್ತಳೆ ಬಣ್ಣದ ಲೋಳೆ. ಊರವರೆಲ್ಲ ಸೇರಿ ಕಟ್ಟೆ ಸೋರುತ್ತಿದೆ ಎಂದು ತೀರ್ಮಾನಿಸಿಬಿಟ್ಟೆವು.

ಆ ಕಿತ್ತಳೆ ಲೋಳೆ ಅನೇಕರನ್ನು ಹೆದರಿಸುತ್ತದೆ. ಅದು ಏರಿಯ ಮಣ್ಣಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ನಿಧಾನ ಜಿನುಗುವ ನೀರಿನಲ್ಲಿ ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಆ ಲೋಳೆ ಕಟ್ಟುತ್ತವೆ. ಮೇಲಿನ ಮಿನುಗು ಎಣ್ಣೆಯೋ ಅಲ್ಲವೋ ನೋಡಲು ಒಂದು ಕಡ್ಡಿಯಿಂದ ಕಲಕಿ. ಸೂಕ್ಷ್ಮಜೀವಿಗಳ ಪೊರೆಯಾದರೆ ತೆಳು ಗಾಜಿನಂತೆ ಚೂರುಚೂರಾಗಿ ಒಡೆದು ಹಾಗೇ ನಿಲ್ಲುತ್ತದೆ. ಡೀಸೆಲ್ ಆದರೆ ಮತ್ತೆ ಕೂಡಿಕೊಳ್ಳುತ್ತದೆ.

ಒರತೆಯೋ ಸೋರಿಕೆಯೋ

ಗುಡ್ಡದ ನಾಡಿನಲ್ಲಿ ಕಟ್ಟೆ ಕಟ್ಟಿದವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಮಳೆಗಾಲದಲ್ಲಿ ನಮ್ಮಲ್ಲಿ ಎಲ್ಲಿ ಅಗೆದರೂ ನೀರು. ಏರಿಯ ಎರಡು ತುದಿಗಳು ಗುಡ್ಡಕ್ಕೆ ಕೂಡುವ ಜಾಗದಲ್ಲಿ ಒರತೆ ಎದ್ದರೆ ಅದು ನೋಡಲು ಥೇಟ್ ಸೋರಿಕೆಯ ಹಾಗೇ ಇರುತ್ತದೆ. ಕಣ್ಣಿನಿಂದ ಇದು ಬಗೆಹರಿಯುವುದಿಲ್ಲ, ಬರೆದಿಟ್ಟ ಲೆಕ್ಕದಿಂದ ಮಾತ್ರ ಬಗೆಹರಿಯುತ್ತದೆ. ಅದೃಷ್ಟಕ್ಕೆ ಕೊಡಗಿನ ಪ್ರತಿ ತೋಟದಲ್ಲೂ ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿ ಇದೆ. ಅದೇ ಪುಸ್ತಕಕ್ಕೆ ನಾವು ಮೂರು ಕಾಲಂ ಸೇರಿಸಿದೆವು.

ಒಂದು, ಏರಿಯ ಹಿಂದೆ ನೀರು ಎಷ್ಟು ಅಡಿ ನಿಂತಿದೆ ಎಂಬುದು. ತೂಬಿನ ಬಾಯಿಯ, ಅಂದರೆ ನೀರು ಪೈಪಿಗೆ ನುಗ್ಗುವ ಜಾಗದ, ಗೋಡೆಗೆ ಅರ್ಧ ಅಡಿಗೊಂದು ಗೆರೆ ಬಳಿದೆವು. ಎರಡು, ಜೌಗಿನಿಂದ ಬರುವ ನೀರನ್ನು ಪಿವಿಸಿ ಪೈಪಿನ ತುಂಡಿನಿಂದ ಒಂದೆಡೆ ಬೀಳಿಸಿ, 15 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಎಣಿಸಿದ್ದು. ಮೂರು, ನೀರಿನ ಬಣ್ಣ. ದಿನಾ ಒಂದು ಗಾಜಿನ ಬಾಟಲಿ ತುಂಬಿ, ತಾರೀಕು ಅಂಟಿಸಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ರಾತ್ರಿ ಕಳೆದ ಮೇಲೆ ತಳದಲ್ಲಿ ಏನು ಕೂತಿದೆ ಎಂಬುದೇ ನೋಡಬೇಕಾದದ್ದು.

ಮೂರು ವಾರದ ಅಂಕಿ ಎದುರಿಗಿದ್ದರೆ ಕಟ್ಟೆ ತಾನೇ ಮಾತಾಡುತ್ತದೆ. ಮಳೆ ಬಂದ ಮರುದಿನ ಸೋರಿಕೆ ಹೆಚ್ಚಿ, ಏರಿಯ ಹಿಂದೆ ನೀರು ಪೂರ್ತಿ ಇಳಿದ ಮೇಲೂ ಹಾಗೇ ಮುಂದುವರಿದರೆ ಅದು ಗುಡ್ಡದ ಒರತೆ. ಹಿಂದಿನ ನೀರು ಏರಿದ ಮೇಲೆ ನಿಧಾನವಾಗಿ ಹೆಚ್ಚಿ, ಇಳಿದ ಮೇಲೆ ನಿಧಾನವಾಗಿ ತಗ್ಗಿದರೆ ಏರಿಯ ಮೈಯೊಳಗಿಂದ ಜಿನುಗುತ್ತಿದೆ ಎಂದರ್ಥ. ಮಣ್ಣಿನ ಕಟ್ಟೆ ಒಂದಿಷ್ಟು ಜಿನುಗುವುದು ಸಹಜವೇ. ನೀರು ಏರಿದ ಕೆಲವೇ ನಿಮಿಷದಲ್ಲಿ ಸೋರಿಕೆಯೂ ಏರಿದರೆ ಜೋಪಾನ, ಒಳಗೆ ತೆರೆದ ದಾರಿ ಇದೆ. ನೀರು ಒಂದು ಗೆರೆ ಮುಟ್ಟುವವರೆಗೆ ಏನೂ ಇಲ್ಲದೆ, ಅದನ್ನು ದಾಟಿದ ಕೂಡಲೇ ಸೋರಿಕೆ ಶುರುವಾದರೆ ಬಿರುಕೋ ಬಿಲವೋ ಸರಿಯಾಗಿ ಆ ಗೆರೆಯ ಎತ್ತರದಲ್ಲಿದೆ. ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು: ಜುಲೈಯಲ್ಲಿ 6 ಅಡಿ ನೀರಿದ್ದಾಗ ಬಕೆಟ್ ತುಂಬಲು 40 ಸೆಕೆಂಡು ಬೇಕಾಗಿ, ಆಗಸ್ಟಿನಲ್ಲಿ ಅದೇ 6 ಅಡಿಗೆ 20 ಸೆಕೆಂಡು ಸಾಕಾದರೆ, ಮಣ್ಣು ಕೊಚ್ಚಿ ಹೋಗಿ ದಾರಿ ಅಗಲವಾಗುತ್ತಿದೆ ಎಂದೇ ತಿಳಿಯಿರಿ. ಸೋರಿಕೆ ಇದ್ದಕ್ಕಿದ್ದಂತೆ ನಿಂತರೂ ಸಮಾಧಾನಪಡಬೇಡಿ. ಅದು ಬೇರೆಲ್ಲಿ ಹೊರಟಿದೆ ಎಂದು ಏರಿಯ ಉದ್ದಕ್ಕೂ, ಕೆಳಗಿನ ಗದ್ದೆಯ ಬದುವಿನವರೆಗೂ ಹುಡುಕಿ.

ನಮ್ಮ ಎಡಬದಿಯ ಜೌಗು ಮಳೆಯನ್ನು ಹಿಂಬಾಲಿಸುತ್ತಿತ್ತು, ಕಟ್ಟೆಯ ನೀರನ್ನಲ್ಲ. ಬಾಟಲಿಗಳ ತಳ ಚೊಕ್ಕಟ. ಅದು ಗುಡ್ಡದ ಒರತೆ. ಒಂದು ಜಲ್ಲಿ ಚರಂಡಿ ತೆಗೆದು ಗದ್ದೆಯ ತೋಡಿಗೆ ಬಿಟ್ಟೆವು, ಆ ಜಾಗ ಒಣಗಿತು. ಎಲ್ಲರೂ ನಿರಾಳವಾದೆವು. ನಿಜವಾದ ದೋಷ ಅಲ್ಲಿಂದ 40 ಅಡಿ ದೂರದಲ್ಲಿತ್ತು.

ಆನೆ ಹೆಜ್ಜೆ ಅಂದುಕೊಂಡದ್ದು

ಸೆಪ್ಟೆಂಬರಿನಲ್ಲಿ ಏರಿಯ ನೆತ್ತಿಯ ಮೇಲೆ, ನಡುಭಾಗದಲ್ಲಿ, ಒಂದು ಗೇಣಿನಷ್ಟು ಆಳದ ಗುಂಡಿ ಕಂಡಿತು. ನಮ್ಮ ಕಡೆ ಆನೆ ತೋಟದಿಂದ ತೋಟಕ್ಕೆ ದಾಟುವುದು ಏರಿಯ ಮೇಲೆಯೇ, ಅದಕ್ಕೂ ಅದು ಸಲೀಸಾದ ದಾರಿ. ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ನಾನೂ ಸೇರಿ. ಹುಲ್ಲು ಸವರುತ್ತಿದ್ದ ಅಕ್ಕ ಒಬ್ಬರು ಕರೆದು ಹೇಳಿದರು: "ಅಣ್ಣಾ, ಇದು ಆನೆ ಕಾಲಲ್ಲ. ರಾತ್ರಿ ಅಷ್ಟು ಮಳೆ ಸುರೀತು, ಇದರಲ್ಲಿ ಒಂದು ಲೋಟ ನೀರೂ ನಿಂತಿಲ್ಲ ನೋಡಿ."

ಈ ಕೈಪಿಡಿಯಲ್ಲಿ ಒಂದೇ ಒಂದು ಪರೀಕ್ಷೆಯನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಆ ಅಕ್ಕ ಹೇಳಿದ್ದೇ. ಆನೆಯ ಹೆಜ್ಜೆ ಮಣ್ಣನ್ನು ಒತ್ತಿ ಬಿಗಿ ಮಾಡುತ್ತದೆ, ಅದರಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ. ಒಳಗಿನ ಮಣ್ಣು ಹೋಗಿ ಕುಸಿದ ಗುಂಡಿ ನೀರನ್ನು ಕುಡಿದುಬಿಡುತ್ತದೆ. ಒಂದು ಬಕೆಟ್ ಹೊಯ್ದು ನೋಡಿ. ಆಮೇಲೆ ಆ ಗುಂಡಿ ಯಾವುದರ ನೇರಕ್ಕಿದೆ ಎಂದು ಹಗ್ಗ ಹಿಡಿದು ನೋಡಿ. ನಮ್ಮದು ಸರಿಯಾಗಿ ಹ್ಯೂಮ್ ಪೈಪಿನ ನೆತ್ತಿಯ ಮೇಲಿತ್ತು.

ಮಣ್ಣಿನ ಕಟ್ಟೆಯಲ್ಲಿ ಪೈಪ್ ಹಾದುಹೋಗುವ ಜಾಗ ಎಲ್ಲಕ್ಕಿಂತ ದುರ್ಬಲ. ಏರಿಯನ್ನು ಅರ್ಧರ್ಧ ಅಡಿ ಪದರ ಹಾಕಿ ರೋಲರ್ ಓಡಿಸಿ ಬಿಗಿ ಮಾಡಬಹುದು. ದುಂಡನೆಯ ಪೈಪಿನ ಕಂಕುಳಿಗೆ ರೋಲರ್ ಹೋಗುವುದಿಲ್ಲ. ಅಲ್ಲಿ ಕೈ ದಿಮ್ಮಸಿನಿಂದ ತಾಳ್ಮೆಯಾಗಿ ಬಡಿಯಬೇಕು. ನಮ್ಮಲ್ಲಿ ಜೆಸಿಬಿಯ ಬಕೆಟಿನಿಂದ ಒತ್ತಿ ಕೈತೊಳೆದುಕೊಂಡಿದ್ದರು. ಜೊತೆಗೆ ಅಡಿಪಾಯ ಅಗೆದಾಗ ಸಿಕ್ಕ ಬಿಳಿ, ನಸುಗೆಂಪು ನುಣುಪು ಮಣ್ಣನ್ನೇ ಪೈಪಿನ ಸುತ್ತ ತುಂಬಿದ್ದರು. ಕರಾವಳಿಯಲ್ಲಿ ಶೇಡಿ ಎನ್ನುವ ಜಾತಿಯ ಮಣ್ಣು ಅದು. ಒಣಗಿದ್ದಾಗ ಗಟ್ಟಿ, ನೀರು ಹರಿದರೆ ಹಿಟ್ಟಿನಂತೆ ಕರಗಿ ಹೋಗುತ್ತದೆ.

ನಿಮ್ಮ ಕಟ್ಟೆಯ ಮಣ್ಣು ಹೇಗಿದೆ ಎಂದು ನೋಡಲು ಪ್ರಯೋಗಾಲಯಕ್ಕೆ ಕಳಿಸುವ ಮೊದಲು ಹೀಗೆ ಮಾಡಿ. ಕಡಲೆ ಗಾತ್ರದ ಹಸಿ ಮಣ್ಣಿನ ಉಂಡೆಯನ್ನು ಒಂದು ಲೋಟ ಮಳೆನೀರಿನಲ್ಲಿ ಮೆಲ್ಲಗೆ ಬಿಡಿ, ಅಲುಗಿಸಬೇಡಿ. ಉಂಡೆ ಸಡಿಲಾಗಿ ಪುಡಿಯಾಗಿ ಕೂತು ನೀರು ತಿಳಿಯಾಗೇ ಉಳಿದರೆ ಪರವಾಗಿಲ್ಲ. ಉಂಡೆಯ ಸುತ್ತ ಹಾಲು ಬೆರೆಸಿದಂತೆ ಮೋಡ ಎದ್ದು ಲೋಟದ ತಳಕ್ಕೆಲ್ಲ ಹರಡಿದರೆ ಆ ಮಣ್ಣು ಹರಿವ ನೀರಿಗೆ ತಡೆಯುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಮಾಡಬೇಡಿ, ಅದರ ಲವಣದಿಂದ ಫಲಿತಾಂಶ ತಪ್ಪುತ್ತದೆ.

ಪೈಪಿನ ಪಕ್ಕ ಸೋರುತ್ತಿದ್ದರೆ ಇಷ್ಟು ದಿನ ಯಾಕೆ ಕಾಣಲಿಲ್ಲ? ಏರಿಯ ಹಿಂದೆ ನೀರಿದ್ದಾಗಲೆಲ್ಲ ಪೈಪ್ ಧೋ ಎಂದು ಸುರಿಯುತ್ತಿರುತ್ತದೆ, ಅದರ ಅಬ್ಬರದಲ್ಲಿ ಪಕ್ಕದ ಸಣ್ಣ ಧಾರೆ ಮುಚ್ಚಿಹೋಗಿತ್ತು. ಅದನ್ನು ನೋಡಬೇಕಾದರೆ ಏರಿಯ ಹಿಂದೆ ನೀರಿರಬೇಕು, ಪೈಪ್ ಮಾತ್ರ ಒಣಗಿರಬೇಕು. ಅಕ್ಟೋಬರಿನಲ್ಲಿ ಮಳೆ ಬಿಟ್ಟ ನಾಲ್ಕು ದಿನ ನೋಡಿಕೊಂಡು, ಒಬ್ಬ ಸಿವಿಲ್ ಎಂಜಿನಿಯರನ್ನು ಜೊತೆಗಿಟ್ಟುಕೊಂಡು, ತೂಬಿನ ಬಾಯಿಗೆ ಹಲಗೆ ಇಳಿಸಿ 4 ಅಡಿ ನೀರು ನಿಲ್ಲಿಸಿದೆವು. ಹಲಗೆಗೆ ಹಗ್ಗ ಕಟ್ಟಿ ದಡದಿಂದಲೇ ಎಳೆದು ತೆಗೆಯುವಂತಿರಬೇಕು. 4 ಅಡಿಗಿಂತ ಹೆಚ್ಚು ಬೇಡ, ರಾತ್ರಿ ಬೇಡ, ಮೋಡವಿದ್ದರೆ ಬೇಡವೇ ಬೇಡ. ಗುಂಡಿ ಬಿದ್ದ ಕಟ್ಟೆಯ ಹಿಂದೆ ನೀರು ನಿಲ್ಲಿಸುವುದು ಹುಡುಗಾಟವಲ್ಲ.

ಎರಡು ಗಂಟೆಯಲ್ಲಿ ಪೈಪಿನ ತುದಿಯ ಕೆಳಗೆ, ಕಾಂಕ್ರೀಟಿಗೂ ಮಣ್ಣಿಗೂ ನಡುವಿನಿಂದ, ಪೆನ್ಸಿಲ್ ದಪ್ಪದ ನೀರು ಬಂತು. ತಿಳಿಯಾಗಿತ್ತು. ಅಲ್ಲಿ ನಾವು ಏಮಾರುತ್ತಿದ್ದೆವು, ಎಂಜಿನಿಯರು ಒಂದು ಬಿಳಿ ಪ್ಲಾಸ್ಟಿಕ್ ಬೋಗುಣಿಯನ್ನು ಧಾರೆಯ ಕೆಳಗೆ ಹೂಳಿಸಿ "ಸಂಜೆವರೆಗೆ ಬಿಡಿ" ಎಂದರು. ಕೊರೆತದ ಮಣ್ಣು ಒಂದೇ ಸಮ ಬರುವುದಿಲ್ಲ. ಒಳಗೆ ಒಂದು ಹೆಂಟೆ ಕಳಚಿದಾಗ ಭಸಕ್ಕನೆ ಬಂದು ಮತ್ತೆ ತಿಳಿಯಾಗುತ್ತದೆ. ನಾವು ನೋಡುವ ಹೊತ್ತಿಗೆ ತಿಳಿ ಇದ್ದರೆ ಬಾಟಲಿಯಲ್ಲಿ ಸಿಗುವುದೂ ತಿಳಿಯೇ. ಬೋಗುಣಿ ಕಾಯುತ್ತದೆ. ಸಂಜೆ ಅದರ ತಳದಲ್ಲಿ ಎರಡು ಚಮಚದಷ್ಟು ಬಿಳಿ ನುಣುಪು ಮಣ್ಣು ಕೂತಿತ್ತು. ಮೊಬೈಲನ್ನು ಬಿದಿರಿನ ತುದಿಗೆ ಕಟ್ಟಿ ಪೈಪಿನೊಳಗೆ ತೂರಿಸಿ ವಿಡಿಯೊ ಮಾಡಿದಾಗ ಮೂರನೇ ಕೀಲಿನಲ್ಲಿ ಬಿರುಕು, ಅದರ ಕೆಳಗೆ ಅದೇ ಬಿಳಿ ಮಣ್ಣಿನ ನಾಲಿಗೆ. ಮಣ್ಣು ಎರಡು ದಾರಿಯಲ್ಲಿ ಹೋಗುತ್ತಿತ್ತು, ಪೈಪಿನ ಹೊರಗೂ, ಕೀಲಿನ ಮೂಲಕ ಒಳಗೂ. ಪೈಪಿನೊಳಗೆ ಆಳನ್ನು ಇಳಿಸಬೇಡಿ. ಮೊಬೈಲು ಹೋದರೆ ಇನ್ನೊಂದು ಬಂದೀತು.

ಮುಚ್ಚುವುದಲ್ಲ

ಊರಿನಲ್ಲಿ ಎದ್ದ ಮೊದಲ ಸಲಹೆ, ಆ ಪೆನ್ಸಿಲ್ ದಪ್ಪದ ತೂತಿಗೆ ಸಿಮೆಂಟ್ ಮೆತ್ತಿಬಿಡೋಣ ಎಂಬುದು. ಹೊರಗಿನ ಬಾಯಿ ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಏರಿಯ ಮೈಯೊಳಗೇ ಒತ್ತಡ ಕಟ್ಟಿ ಇನ್ನೊಂದು ಬಾಯಿ ತೆರೆಯುತ್ತದೆ. ಕಟ್ಟೆಯನ್ನು ಒಡೆಯುವುದು ಹೊರಹೋಗುವ ನೀರಲ್ಲ, ಅದರ ಜೊತೆ ಹೋಗುವ ಮಣ್ಣು. ಹಾಗಾಗಿ ನೀರಿಗೆ ದಾರಿ ಬಿಟ್ಟು ಮಣ್ಣನ್ನಷ್ಟೇ ಹಿಡಿಯಬೇಕು. ಕಾಫಿ ಸೋಸುವ ಬಟ್ಟೆಯ ಕೆಲಸ. ಆ ಬಟ್ಟೆ ಇಲ್ಲಿ ಮರಳು.

ಹಿಂದೆ ಇಂಥ ಪೈಪುಗಳ ಸುತ್ತ ಅಲ್ಲಲ್ಲಿ ಕಾಂಕ್ರೀಟ್ ಬಿಲ್ಲೆ ಕಟ್ಟುತ್ತಿದ್ದರು, ನೀರಿನ ದಾರಿ ಉದ್ದವಾಗಲಿ ಎಂದು. ಆ ಬಿಲ್ಲೆಗಳ ಮೂಲೆಯಲ್ಲೂ ಮಣ್ಣು ಬಿಗಿಯಾಗುವುದಿಲ್ಲ. 1980ರ ದಶಕದಲ್ಲಿ ಅಮೆರಿಕದವರು ಅದನ್ನು ಕೈಬಿಟ್ಟು ಪೈಪಿನ ಸುತ್ತ ಮರಳಿನ ಗೋಡೆ ಕಟ್ಟುವ ಕ್ರಮಕ್ಕೆ ಬಂದರು. ನಾವು ಮಾಡಿದ್ದೂ ಅದನ್ನೇ. ಕಾಫಿ ಕೊಯ್ಲು ಮುಗಿದು ತೋಡು ಬತ್ತಿದ ಮಾರ್ಚಿನಲ್ಲಿ, ಹೊರಮೈಯ ಕಡೆಯಿಂದ ಏರಿಯನ್ನು ಇಳಿಜಾರಾಗಿ ಬಗೆದು ಪೈಪ್ ಬಯಲು ಮಾಡಿ, ಅದರ ಸುತ್ತ 3 ಅಡಿ ದಪ್ಪದ ಮರಳಿನ ಗೋಡೆ. ಪಕ್ಕಕ್ಕೂ ಮೇಲಕ್ಕೂ ಪೈಪಿನ ವ್ಯಾಸದ ಮೂರರಷ್ಟು, ಅಂದರೆ 6 ಅಡಿ. ಅಲ್ಲಿಂದ ಬುಡದವರೆಗೆ ಸಣ್ಣ ಜಲ್ಲಿಯ ಕಾಲುವೆ, ಅದರ ಸುತ್ತಲೂ ಮತ್ತೆ ಮರಳು.

ಮರಳಿನ ಆಯ್ಕೆಯಲ್ಲಿ ದುಡ್ಡು ಉಳಿಸಬೇಡಿ. ಕಾಂಕ್ರೀಟಿಗೆ ಬಳಸುವ ಮರಳು ಹೆಚ್ಚಿನ ಮಣ್ಣುಗಳನ್ನು ಹಿಡಿಯುತ್ತದೆ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಆದರೆ ತೊಳೆದದ್ದೇ ಆಗಬೇಕು. ಕಲ್ಲುಪುಡಿ ಹೆಚ್ಚಿದ್ದರೆ ಅದು ಕ್ರಮೇಣ ಬಿಗಿದುಕೊಂಡು ನೀರು ಬಿಡುವುದಿಲ್ಲ. ಪರೀಕ್ಷೆ ಸುಲಭ: ಒದ್ದೆ ಮರಳಿನಿಂದ ಒಂದು ಇಡ್ಲಿ ಮಾಡಿ ಒಣಗಿಸಿ ನೀರಿನ ತಟ್ಟೆಯಲ್ಲಿಡಿ. ಕೂಡಲೇ ಕುಸಿದು ಹರಡಬೇಕು. ಆಕಾರ ಹಿಡಿದು ನಿಂತರೆ ಆ ಲೋಡನ್ನು ವಾಪಸ್ ಕಳಿಸಿ. ಮರಳಿನ ಬದಲು ನೇರ 20 ಎಂಎಂ ಜಲ್ಲಿ ತುಂಬಿದವರನ್ನು ಕಂಡಿದ್ದೇನೆ. ಜಲ್ಲಿಯ ಸಂದಿನಲ್ಲಿ ಮಣ್ಣು ಸರಾಗ ಹೋಗುತ್ತದೆ, ಏನೂ ಮಾಡದಿದ್ದಂತೆಯೇ.

ಒಡೆದ ಕೀಲಿಗೆ ಹ್ಯೂಮ್ ಪೈಪಿನೊಳಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪ್ ತೂರಿಸಿ ನಡುವಿನ ಸಂದಿಗೆ ಸಿಮೆಂಟ್ ಗ್ರೌಟ್ (ನೀರಾದ ಸಿಮೆಂಟ್ ಗಾರೆ) ತುಂಬಿಸಿದೆವು. ಇದರಲ್ಲಿ ಒಂದು ತೊಡಕು ಇದೆ. 600 ಎಂಎಂ ಒಳಗೆ 500 ಎಂಎಂ ಕೂತರೆ ನೀರು ಹೋಗುವ ಜಾಗ 30 ಶೇಕಡ ಕಡಿಮೆ. ಪ್ಲಾಸ್ಟಿಕ್ಕಿನ ನುಣುಪು ಅದನ್ನು ಸ್ವಲ್ಪ ಮಟ್ಟಿಗೆ ಸರಿದೂಗಿಸಿದರೂ ನೀರು ಇಳಿಯುವುದು ನಿಧಾನವಾಗಿ ಕೋಡಿ ಬೇಗ ಬೀಳುತ್ತದೆ. ಲೆಕ್ಕವನ್ನು ಹೊಸದಾಗಿ ಹಾಕಿಸಿ ಕೋಡಿಯನ್ನು ಅಗಲ ಮಾಡಬೇಕಾಯಿತು.

ಉಳಿದ ಲಕ್ಷಣಗಳು

ಮಳೆ ನಿಂತು ಮೂರು ದಿನ ಕಳೆದರೂ ನೀರು ಇಳಿಯದಿದ್ದರೆ ತೂಬಿನ ಬಾಯಿಯ ಜಾಲರಿಗೆ ಸಿಲ್ವರ್ ಓಕ್ ಎಲೆ, ಬಿದಿರು, ಬಾಳೆದಿಂಡು ಅಡರಿದೆ. ದಡದಿಂದ ಉದ್ದನೆಯ ಕೊಕ್ಕೆಯಲ್ಲಿ ಎಳೆಯಿರಿ. ನೀರಿಗಿಳಿದು ಬಿಡಿಸಲು ಯಾರನ್ನೂ ಬಿಡಬೇಡಿ. ಕಸ ಬಿಟ್ಟುಕೊಂಡ ಕ್ಷಣ ಪೈಪಿನ ಸೆಳೆತಕ್ಕೆ ಸಿಕ್ಕ ಕಾಲು ಹೊರಗೆ ಬರುವುದಿಲ್ಲ.

ಜೂನಿನಲ್ಲೇ ಕಟ್ಟೆ ಅರ್ಧ ತುಂಬಿದ್ದರೆ ದೋಷ ಮಣ್ಣಿನದಲ್ಲ, ನಮ್ಮದು. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಬೇಕು ಎಂದು ತೂಬಿಗೆ ಹಲಗೆ ಹಾಕುತ್ತೇವೆ, ತೆಗೆಯುವುದು ಮರೆಯುತ್ತೇವೆ. ಆ ಆಸೆ ನನಗೆ ಅರ್ಥವಾಗುತ್ತದೆ, ನನ್ನದೂ ತೋಟವೇ. ಆದರೆ ಖಾಲಿ ಇದ್ದರಷ್ಟೇ ಇದು ನೆರೆ ತಡೆಯುವ ಕಟ್ಟೆ. 2018, 2019, 2020ರಲ್ಲಿ ಕೊಡಗನ್ನು ನಡುಗಿಸಿದ ಮಳೆ ಮೂರು ವರ್ಷವೂ ಬಂದದ್ದು ಆಗಸ್ಟಿನ ಮೊದಲ ಎರಡೂವರೆ ವಾರದೊಳಗೆ, ಕಕ್ಕಡ ಮಾಸದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಸುಮಾರಿಗೆ. ಅಷ್ಟರಲ್ಲಿ ಕಟ್ಟೆಯ ಹೊಟ್ಟೆ ಖಾಲಿ ಇರಲೇಬೇಕು. ಹಾಗೆಯೇ ಕೋಡಿಯಲ್ಲಿ ಮೀನಿಗೆ ಬಲೆ ಕಟ್ಟುವುದು, ಬಾಳೆ ನೆಡುವುದು, ಬೇಲಿ ಹಾಕುವುದು. ನೀರು ಏರಿಯ ನೆತ್ತಿ ಹಾರಿದರೆ ಮರಳಿನ ಗೋಡೆ, ಗ್ರೌಟ್ ಯಾವುದೂ ಉಳಿಸುವುದಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲೆ ಮಚ್ಛು ಅಣೆಕಟ್ಟೆ ಒಡೆದು ಬಂದದ್ದು ಹೀಗೆ ಮಣ್ಣಿನ ಏರಿಯ ಮೇಲೆ ನೀರು ಹತ್ತಿಯೇ.

ಬಿರುಕುಗಳಲ್ಲಿ ಏರಿಯ ಅಡ್ಡಕ್ಕೆ, ಒಳಮೈಯಿಂದ ಹೊರಮೈಗೆ ಹೋದದ್ದು ನೀರಿನ ದಾರಿ. ಅದನ್ನು ತಳ ಸಿಗುವವರೆಗೆ ಬಗೆದು, ಪದರ ಪದರವಾಗಿ ಬಡಿದು ತುಂಬಬೇಕು. ಉದ್ದಕ್ಕೆ ಬಿಲ್ಲಿನಂತೆ ಬಾಗಿದ್ದು, ಒಂದು ಬದಿ ಬೆರಳಷ್ಟು ಕುಗ್ಗಿದ್ದರೆ ಇಳಿಜಾರು ಜಾರಲು ಹೊರಟಿದೆ. ಅದರ ಮೇಲೆ ಟಾರ್ಪಾಲು ಹೊದಿಸಿ, ಬುಡದಲ್ಲಿ ಕಲ್ಲಿನ ಭಾರ ಇಟ್ಟು ಎಂಜಿನಿಯರನ್ನು ಕರೆಸಿ. ಏಪ್ರಿಲಿನ ಬಿಸಿಲಿಗೆ ಬಿಟ್ಟ ಜೇಡರಬಲೆಯಂಥ ಸಣ್ಣ ಬಿರುಕು ಮೇಲ್ಮೈಯದು.

ಏಡಿ, ಹೆಗ್ಗಣ, ಮುಳ್ಳುಹಂದಿಯ ಬಿಲ ಮುಚ್ಚುತ್ತಿರಿ, ಹುತ್ತ ಅಗೆದು ಬಡಿಯಿರಿ. ಆದರೆ ಎಲ್ಲ ಸೋರಿಕೆಗೂ ಏಡಿಯನ್ನೇ ದೂರಿ ಕೈಕಟ್ಟಿ ಕೂರಬೇಡಿ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಮಣ್ಣಿನ ಕಟ್ಟೆ ಒಡೆದು ಮಲಗಿದ್ದವರನ್ನು ಕೊಚ್ಚಿಕೊಂಡು ಹೋದಾಗ ಏಡಿ ಕೊರೆದದ್ದೇ ಕಾರಣ ಎಂಬ ಮಾತು ಬಂದಿತ್ತು. ಸೋರುತ್ತಿದೆ ಎಂದು ಆ ಊರವರು ಮೊದಲೇ ದೂರು ಕೊಟ್ಟಿದ್ದರು. ಅದು ನಮ್ಮದೇ ಘಟ್ಟ, ನಮ್ಮದೇ ಮಳೆ.

ಮೆಣಸು ಹಬ್ಬಿಸಲು ಏರಿಯ ಮೇಲೆ ಸಿಲ್ವರ್ ಓಕ್ ನೆಟ್ಟಿದ್ದರೆ ಗಿಡ ಎಳೆಯದಾಗಿರುವಾಗಲೇ ಕಿತ್ತುಬಿಡಿ. ದೊಡ್ಡ ಮರವನ್ನು ಕಡಿದು ಬೇರು ಬಿಟ್ಟರೆ ಆ ಬೇರು ಕೊಳೆತ ಜಾಗ ಕೊಳವೆಯಾಗುತ್ತದೆ. ಬೇಸಿಗೆಯಲ್ಲಿ ಬೇರುಸಹಿತ ಬಗೆದು ಮಣ್ಣು ಬಡಿಯಬೇಕು. ಏರಿಗೆ ಹುಲ್ಲು ಸಾಕು, ಲಾವಂಚ ಇನ್ನೂ ಒಳ್ಳೆಯದು.

ದುರಸ್ತಿಯಾದ ಕಟ್ಟೆಗೆ ಮೊದಲ ಮಳೆಗಾಲವೇ ಪರೀಕ್ಷೆ. ಈ ಸಲ ಪುನರ್ವಸು ಮಳೆಗೆ 7 ಅಡಿ ನೀರು ನಿಂತ ರಾತ್ರಿ ಮೂವರು ಸರದಿಯಲ್ಲಿ ಟಾರ್ಚ್ ಹಿಡಿದು ಕಾದೆವು. ಜಲ್ಲಿ ಕಾಲುವೆಯ ಬಾಯಿಯಿಂದ ನೀರು ಬರುತ್ತಿದೆ, ಬಕೆಟ್ ತುಂಬಲು 55 ಸೆಕೆಂಡು. ಬೋಗುಣಿಯಲ್ಲಿ ಮಣ್ಣು ಕೂತಿಲ್ಲ, ತಳದ ಪ್ಲಾಸ್ಟಿಕ್ ಹಾಗೇ ಕಾಣುತ್ತಿದೆ. ನೆತ್ತಿಯಲ್ಲಿ ಗುಂಡಿ ತುಂಬಿದ ಜಾಗಕ್ಕೆ ನಾಲ್ಕು ಗೂಟ ಹೊಡೆದು ದಾರ ಬಿಗಿದಿದ್ದೇವೆ. ಪ್ರತಿ ಭಾನುವಾರ ಆ ಅಕ್ಕನೇ ದಾರಕ್ಕೂ ಮಣ್ಣಿಗೂ ನಡುವಿನ ಅಂತರವನ್ನು ಅಳೆದು ಪುಸ್ತಕದಲ್ಲಿ ಬರೆಸುತ್ತಾರೆ.